ಶಾಖಕ್ಕೊಂದು ಜರಡಿ

ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಕಣ್ಣಿಗೆ ಕಾಣುವುದೇ ಇಲ್ಲ. ಅದು ಅವಕೆಂಪು ಕಿರಣ. 1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಗಾಜಿನ ಪಟ್ಟಕದಿಂದ ಬಣ್ಣಬಣ್ಣವಾಗಿ ಬಿಡಿಸಿ, ಕೆಂಪಿನ ಆಚೆ ಏನೂ ಕಾಣದ ಕಡೆ ಉಷ್ಣಮಾಪಕ ಇಟ್ಟ. ಪಾದರಸ ಅಲ್ಲೇ ಹೆಚ್ಚು ಏರಿತು. ಎಲೆ ಆಹಾರ ತಯಾರಿಸಲು ಬೇಕಾದ್ದು ಕಾಣುವ ಬೆಳಕು. ಕಾಣದ ಅರ್ಧವನ್ನು ಸೋಸಿ ಆಚೆ ಹಾಕಿದರೆ ಸಸಿಮಡಿಗೆ ಬೆಳಕೂ ಸಿಕ್ಕೀತು, ನೀರೂ ಉಳಿದೀತು. ಮಳೆ ನಂಬಿದವರಿಗೆ ಎರಡು ಕೊಡ ನೀರೂ ಲೆಕ್ಕವೇ.

ಕಪ್ಪು ನೆರಳುಬಲೆ ಈ ಕೆಲಸ ಮಾಡುವುದಿಲ್ಲ. ಬೆಳಕು, ಶಾಖ ಎರಡನ್ನೂ ಒಟ್ಟಿಗೇ ತಡೆಯುತ್ತದೆ. ತಾನೂ ಕಾದು ಕೆಳಕ್ಕೆ ಶಾಖ ಸೂಸುತ್ತದೆ. ಅಲ್ಯೂಮಿನಿಯಂ ಬಲೆ ಬಿಸಿಲನ್ನು ಹಿಂದಕ್ಕೆ ಹೊಡೆಯುವುದರಿಂದ ಅಷ್ಟು ಕಾಯುವುದಿಲ್ಲ, ಸರಿ. ಆದರೆ ಅದರ ಕಣ್ಣು ಮಿಲಿಮೀಟರ್ ಲೆಕ್ಕದ್ದು. ಅಷ್ಟಗಲ ಬಾಗಿಲಲ್ಲಿ ಆನೆಯೂ ಹೋಗುತ್ತೆ, ಇರುವೆಯೂ ಹೋಗುತ್ತೆ.

ಸೋಸಬೇಕಾದರೆ ತೂತು ಅಲೆಯ ಅಳತೆಗೆ ಬರಬೇಕು. ಮೈಕ್ರಾನ್ ನಮಗೆ ಹೊಸದಲ್ಲ, ಕೃಷಿಹೊಂಡಕ್ಕೆ 500 ಮೈಕ್ರಾನ್ ಹಾಳೆ ಅಂತ ಕೇಳಿ ತರ್ತೀವಿ. ಕಾಣುವ ಬೆಳಕಿನ ಅಲೆ 0.4ರಿಂದ 0.7 ಮೈಕ್ರಾನ್. ಬಿಸಿಲಿನ ಅವಕೆಂಪು ಹೆಚ್ಚಾಗಿ ಅಲ್ಲಿಂದ 2.5ರವರೆಗೆ. ಮೈಕ್ರಾನಿನ ಸಾವಿರದಲ್ಲೊಂದು ಪಾಲು ನ್ಯಾನೋಮೀಟರ್. ಮೈಕ್ರೋವೇವ್ ಒಲೆಯ ಬಾಗಿಲಲ್ಲಿ ತೂತಿನ ತಗಡು ಇರುತ್ತದಲ್ಲ, ಅದೂ ಇಂಥದೇ ಜರಡಿ. ಒಲೆಯ ಅಲೆ 12 ಸೆಂ.ಮೀ., ತೂತಿನಲ್ಲಿ ನುಗ್ಗಲಾರದು. ಬೆಳಕಿನ ಅಲೆ ಸಣ್ಣದು, ಬರುತ್ತೆ. ಒಳಗಿನ ಪಾತ್ರೆ ಕಾಣುತ್ತೆ.

ಹಾಗಾದರೆ ಸಣ್ಣ ತೂತು ಕೊರೆದರೆ ಮುಗೀತೆ? ಇಲ್ಲ. 1998ರಲ್ಲಿ ಥಾಮಸ್ ಎಬ್ಬೆಸೆನ್ ಮತ್ತು ಜೊತೆಗಾರರು ಒಂದು ಸೋಜಿಗ ಪ್ರಕಟಿಸಿದರು. ಬೆಳ್ಳಿಯ ತೆಳು ಪದರದಲ್ಲಿ 150 ನ್ಯಾನೋಮೀಟರ್ ತೂತುಗಳನ್ನು 900 ನ್ಯಾನೋಮೀಟರಿಗೊಂದರಂತೆ ಸಾಲಾಗಿ ಕೊರೆದಿದ್ದರು. ತೂತಿನ ಒಂಬತ್ತು ಪಟ್ಟು ಉದ್ದದ, 1370 ನ್ಯಾನೋಮೀಟರಿನ ಅವಕೆಂಪು ಧಾರಾಳವಾಗಿ ಆಚೆ ಬಂತು! ಲೋಹದ ಮೈಮೇಲಿನ ಎಲೆಕ್ಟ್ರಾನುಗಳು ಅಲೆಯ ಜತೆ ತೂಗಾಡಿ ಅದನ್ನು ತೂತಿನಾಚೆ ದಾಟಿಸುತ್ತವೆ. ಸಾಲಿನ ಅಂತರ ಬದಲಿಸಿದರೆ ದಾಟುವ ಅಲೆಯೂ ಬದಲು. ಕೂರಿಗೆ ತಾಳಿನ ಅಂತರ ಬೆಳೆಗೆ ತಕ್ಕಂತೆ ಇಡುತ್ತೇವಲ್ಲ, ಹಾಗೆ. ತೂತಿನ ಆಕಾರ, ಪದರದ ದಪ್ಪ, ಅಡಿಯ ಗಾಜು ಎಲ್ಲಾ ಲೆಕ್ಕ ಹಾಕಿ ವಿನ್ಯಾಸ ಮಾಡುತ್ತಾರೆ.

ಇಂಥ ತೂತುಗಳನ್ನು ಎಲೆಕ್ಟ್ರಾನ್ ಕಿರಣದಿಂದ ಒಂದೊಂದಾಗಿ ಬರೆದರೆ ಉಗುರಗಲದ ತುಂಡಿಗೇ ಬಹಳ ಹೊತ್ತು. ಕ್ಯಾಮೆರಾ, ಅನಿಲ ಅಳೆಯುವ ಯಂತ್ರಕ್ಕೆ ಅಷ್ಟು ಸಾಕು. ಗುಂಟೆಗಟ್ಟಲೆ ಹೊದಿಸುವ ಮಾತು ಬೇರೆ. ತೂತಿಲ್ಲದ ತೆಳು ಬೆಳ್ಳಿ ಪದರದ ಕಿಟಕಿ ಗಾಜು ಮಾತ್ರ ಪೇಟೆಯಲ್ಲಿದೆ, ಬೆಳಕು ಬಿಟ್ಟು ಶಾಖದ ಬಹುಪಾಲು ಹಿಂದಕ್ಕೆ ಕಳಿಸುತ್ತದೆ.

ಯಾರಾದರೂ ‘ನ್ಯಾನೋ ಬಲೆ’ ಅಂತ ಹೆಚ್ಚು ದರ ಹೇಳಿದರೆ ಪರೀಕ್ಷೆಯ ಕಾಗದ ಕೇಳಿ. 0.4ರಿಂದ 0.7 ಮೈಕ್ರಾನ್ ಎಷ್ಟು ಪಾಲು ದಾಟುತ್ತೆ, 0.7ರಿಂದ 2.5 ಎಷ್ಟು ಪಾಲು ದಾಟುತ್ತೆ, ಬೇರೆಬೇರೆ ಬರೆದಿರಬೇಕು. ಎರಡಕ್ಕೂ ಒಂದೇ ಅಂಕಿ ಇದ್ದರೆ ಅದು ಬರೀ ನೆರಳುಬಲೆ.