ಸೇತ್ವಾರ್ ಓದುವ ಊರಲ್ಲಿ ಕ್ಲಾಟ್ ಅರ್ಜಿ

ಕಲಬುರಗಿಯ ಸ್ಟೇಶನ್ ಬಜಾರದ ಟೈಪಿಂಗ್ ಅಂಗಡಿಗೆ ನಾನು ಹೋಗಿದ್ದು ಬಾಡಿಗೆ ಕರಾರು ಮಾಡಿಸಲು. ಪಕ್ಕದ ಬೆಂಚಿನಲ್ಲಿ ಕಮಲಾಪುರದ ಕೆಂಪು ಬಾಳೆ ಬೆಳೆಗಾರರೊಬ್ಬರು ಮಗಳನ್ನು ಕರೆದುಕೊಂಡು ಕುಳಿತಿದ್ದರು. ಪಿಯುಸಿ ಎರಡನೇ ವರ್ಷದ ಹುಡುಗಿ. ಕಂಪ್ಯೂಟರಿನಲ್ಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್‌ಗೆ ಅವಳ ಅರ್ಜಿ ಅರ್ಧ ತುಂಬಿತ್ತು.

“ಬೆಂಗಳೂರಿಂದು ನಂಬರ್ ಒನ್ ಅದಾ ಅಂತ್ರಿ. ಅಲ್ಲಿ ಸೀಟ್ ಸಿಕ್ರ ಮತ್ತೇನ್ ಬೇಕ್ರಿ?” ಎಂದರು ತಂದೆ, ಯಾರನ್ನೂ ಕೇಳದೆ ಎಲ್ಲರನ್ನೂ ಕೇಳಿದಂತೆ.

ಮೂಲೆಯಲ್ಲಿದ್ದ ಮುದುಕರೊಬ್ಬರು ಕಾಗದದಿಂದ ತಲೆ ಎತ್ತಲಿಲ್ಲ. “ಓದಿ ಏನಾಗಬೇಕಂತ ಮಾಡೀ ಬೇಟಿ?”

“ಜಡ್ಜ್ ಆಗ್ಬೇಕ್ರಿ ಕಾಕಾ.”

“ಎಲ್ಲಿ?”

ಹುಡುಗಿ ತಂದೆಯ ಮುಖ ನೋಡಿದಳು. ತಂದೆ ಕಂಪ್ಯೂಟರ್ ನೋಡಿದರು.

ನನಗೆ ಆ ಪ್ರಶ್ನೆಗಿಂತ ಮುದುಕರ ಕೈಯಲ್ಲಿದ್ದ ಕಾಗದದ ಮೇಲೇ ಕಣ್ಣು. ಅದು ಸೇತ್ವಾರಿನ ನಕಲು, ನಿಜಾಮರ ಕಾಲದ ಜಮೀನು ದಾಖಲೆ. ಓಡುಬರಹದ ಉರ್ದು, ಚುಕ್ಕಿಗಳು ಅರ್ಧಕ್ಕರ್ಧ ಮಾಯ. ಮುದುಕರು ಸರ್ವೆ ನಂಬರಿನ ಮೇಲೆ ಬೆರಳಿಟ್ಟು, ಪಟ್ಟೇದಾರನ ಹೆಸರು, ಆಕಾರ, ಬಾಂದು ಒಂದೊಂದನ್ನೇ ಬಿಡಿಸಿ ಹೇಳುತ್ತಿದ್ದರು. ಕರಿಕೋಟಿನ ಜೂನಿಯರ್ ಒಬ್ಬ ಅದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದ. ಒಂದು ಹೆಸರಿನ ಹತ್ತಿರ ಇಬ್ಬರೂ ತಡೆದು ನಿಂತರು. ಅದು ‘ಬಸಪ್ಪ’ನೋ ‘ಬಸಣ್ಣ’ನೋ? ನಗಬೇಡಿ. ಇಬ್ಬರೂ ಬೇರೆ ಬೇರೆ ಮನೆತನದವರಾದರೆ ಇಡೀ ದಾವೆಯೇ ಬಿದ್ದುಹೋಗುತ್ತದೆ. ಮುದುಕರು ಹಾಳೆಯನ್ನು ಬೆಳಕಿಗೆ ಹಿಡಿದರು, ಓರೆ ಮಾಡಿದರು, ಕೊನೆಗೆ 1954ರ ಖಾಸ್ರಾ ಪಹಣಿ ತರಿಸಿ ತಾಳೆ ನೋಡೋಣ ಎಂದರು. ಈ ಭಾಗ 1948ರವರೆಗೆ ನಿಜಾಮರದು, 1956ರವರೆಗೆ ಹೈದರಾಬಾದ್ ರಾಜ್ಯದ್ದು. 1950ರ ಹೈದರಾಬಾದ್ ಗೇಣಿ ಕಾಯ್ದೆಯ ಹಕ್ಕುಗಳಿಗೆ ಇಂದಿಗೂ ಮೊಮ್ಮಕ್ಕಳು ಕಚೇರಿ ಅಲೆಯುತ್ತಾರೆ. ಬೆಂಗಳೂರು ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ ಈ ವಿದ್ಯೆ ಕಲಿಸುವುದಿಲ್ಲ. ಕಲಬುರಗಿಯಲ್ಲೂ ಕಾಲೇಜು ಕಲಿಸುವುದಿಲ್ಲ, ಬೆಂಚು ಕಲಿಸುತ್ತದೆ.

ಅಂಗಡಿಯಲ್ಲಿ ಆಮೇಲೆ ನಡೆದ ವಾದದಲ್ಲಿ ಊರಿನ ಅಭಿಮಾನ ಧಾರಾಳವಾಗಿತ್ತು. ಮೊದಲು ಇಲ್ಲಿಯವರು ಕಾನೂನು ಓದಲು ಹೈದರಾಬಾದಿಗೇ ಹೋಗಬೇಕಿತ್ತು. ಮಾಜಿ ಮುಖ್ಯಮಂತ್ರಿ ಧರ್ಮಸಿಂಗ್ ಎಲ್‌ಎಲ್‌ಬಿ ಮಾಡಿದ್ದು ಉಸ್ಮಾನಿಯಾದಲ್ಲಿ. ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜು ಬಂದ ಮೇಲೆ ಆ ಅಲೆದಾಟ ತಪ್ಪಿತು. ಮಲ್ಲಿಕಾರ್ಜುನ ಖರ್ಗೆ ಓದಿದ್ದು ಅಲ್ಲೇ. ಶಿವರಾಜ ಪಾಟೀಲರ ಆಫೀಸಿನಲ್ಲಿ ಜೂನಿಯರ್ ಆಗಿ, ಕಾರ್ಮಿಕರ ಕೇಸು ನಡೆಸಿ, 1969ರಲ್ಲಿ ಎಂಎಸ್‌ಕೆ ಮಿಲ್ ನೌಕರರ ಸಂಘದ ಕಾನೂನು ಸಲಹೆಗಾರರಾದರು. ಆ ಸೀನಿಯರ್ 2000ದಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು. ಇಂಥ ಎರಡು ಹೆಸರು ಹಿಡಿದುಕೊಂಡು ಯಾವ ಕಾಲೇಜಾದರೂ ಸಾಕು ಎನ್ನುವವರನ್ನು ನಾನು ಪೂರ್ತಿ ನಂಬುವುದಿಲ್ಲ. ಕಾಲೇಜಿನಷ್ಟೇ ಕೆಲಸ ಆ ಆಫೀಸೂ ಮಾಡಿದೆ.

ಮುದುಕರ ಪ್ರಶ್ನೆಗೆ ಉತ್ತರ ಹುಡುಕಿದರೆ ಲೆಕ್ಕ ತಾನೇ ಬಿಚ್ಚಿಕೊಳ್ಳುತ್ತದೆ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷ ವಕೀಲಿ ಮಾಡಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ಹೇಳಿತು. ಕರ್ನಾಟಕದ ಮುಖ್ಯ ಪರೀಕ್ಷೆಯಲ್ಲಿ ಭಾಷಾಂತರಕ್ಕೇ ಒಂದು ಪತ್ರಿಕೆ ಇದೆ: ಸಾಕ್ಷಿ ಹೇಳಿಕೆ, ತೀರ್ಪು, ದಸ್ತಾವೇಜುಗಳನ್ನು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕು. ಇಲ್ಲಿ ಜಿಲ್ಲಾ ಕೋರ್ಟಿನಲ್ಲಿ ಪಾಟಿಸವಾಲು ಕೇಳಿ ಕಿವಿ ಪಳಗಿದವರಿಗೆ ಅನುಕೂಲವೇ ಹೆಚ್ಚು. ಸನ್ನದು ಎಲ್ಲಿ ಓದಿದರೂ ಒಂದೇ. ಹೈಕೋರ್ಟಿಗಾಗಿ ಊರು ಬಿಡುವ ಅಗತ್ಯವೂ ಈಗಿಲ್ಲ. 2008ರ ಜುಲೈಯಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದೇ ಕಾಯಂ ಪೀಠವಾಯಿತು.

ಆದರೆ ಕಂಪನಿ ವ್ಯವಹಾರ, ಮಧ್ಯಸ್ಥಿಕೆ, ವಿದೇಶಿ ವಿಶ್ವವಿದ್ಯಾಲಯ, ಸುಪ್ರೀಂ ಕೋರ್ಟಿನ ಲಾ ಕ್ಲರ್ಕ್ ಕೆಲಸ ಬೇಕೆನ್ನುವವರು ನಾಗರಬಾವಿಗೇ ಹೋಗಲಿ, ಎರಡು ಮಾತಿಲ್ಲ. ದೊಡ್ಡ ಲಾ ಫರ್ಮುಗಳು ನೌಕರಿ ಕೊಡಲು ಹುಡುಕಿಕೊಂಡು ಬರುವುದು ಅಂಥ ಕ್ಯಾಂಪಸ್ಸಿಗೆ, ನಮ್ಮ ಸ್ಟೇಶನ್ ರಸ್ತೆಗಲ್ಲ. ಹತ್ತು ವರ್ಷ ಕರ್ನಾಟಕದಲ್ಲಿ ಓದಿದವರಿಗೆ ಅಲ್ಲಿ ಶೇ 25ರ ಮೀಸಲು ಕೂಡ ಇದೆ. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಹೈದರಾಬಾದಿನ ಕಾನೂನು ವಿಶ್ವವಿದ್ಯಾಲಯ ನಲ್ಸಾರ್ ನಮಗೆ ಬೆಂಗಳೂರಿಗಿಂತ ಹತ್ತಿರ, ಆದರೆ ಅಲ್ಲಿಯ ಸ್ಥಳೀಯ ಮೀಸಲು ತೆಲಂಗಾಣದ ಮಕ್ಕಳಿಗೆ.

ಎನ್‌ಐಆರ್‌ಎಫ್ ರ್‍ಯಾಂಕಿಂಗ್ ಪಟ್ಟಿಯ ಬಗ್ಗೆ ನನಗೆ ಗುಮಾನಿ. 2018ರಲ್ಲಿ ಕಾನೂನು ವಿಭಾಗ ಶುರುವಾದಾಗಿನಿಂದ ಬೆಂಗಳೂರೇ ಮೊದಲು. ಆ ಪಟ್ಟಿ ಸಂಶೋಧನೆ ಅಳೆಯುತ್ತದೆ, ಹೆಸರು ಅಳೆಯುತ್ತದೆ. ಸಾಕ್ಷಿಯ ಬಾಯಿ ಬಿಡಿಸುವ ಜಾಣ್ಮೆ ಅಳೆಯುವುದಿಲ್ಲ. ಇನ್ನೊಂದು ಸಂಗತಿ ಪಟ್ಟಿಯಲ್ಲಿ ಕಾಣುವುದೇ ಇಲ್ಲ: ಸಾಲ. ಆ ಕಾಲೇಜುಗಳ ಶುಲ್ಕ ವರ್ಷಕ್ಕೆ ಲಕ್ಷಗಟ್ಟಲೆ. ಬ್ಯಾಂಕಿನಿಂದ ಸಾಲ ತಂದು ಓದಿದ ಹುಡುಗಿ ಜಿಲ್ಲಾ ಕೋರ್ಟಿನ ಜೂನಿಯರ್ ಗಳಿಕೆಯಲ್ಲಿ ಕಂತು ಕಟ್ಟಲಾರಳು. ಕಂತು ಅವಳನ್ನು ನೇರ ಫರ್ಮಿಗೆ ಕಳಿಸುತ್ತದೆ. ನ್ಯಾಷನಲ್ ಲಾ ಸ್ಕೂಲು ಕಟ್ಟಿದ ಮಾಧವ ಮೆನನ್ 1988ರಲ್ಲಿ ಅಲ್ಲಿಯ ಮೊದಲ ತಂಡಕ್ಕೆ ಪಾಠ ಶುರು ಮಾಡಿದಾಗ ವಕೀಲಿಗೇ ಒಳ್ಳೆಯ ತಲೆಗಳು ಬರಲೆಂಬ ಆಸೆ ಇತ್ತು. ಬಹಳಷ್ಟು ತಲೆಗಳು ಫರ್ಮಿಗೆ ಹೋದವು. ಅದಕ್ಕೆ ಮಕ್ಕಳನ್ನು ಬಯ್ಯುವುದು ಸುಲಭ, ಕಂತು ಕಟ್ಟುವವರು ಬೇರೆ.

ಹದಿನೆಂಟಕ್ಕೇ ಇದನ್ನೆಲ್ಲ ತೀರ್ಮಾನಿಸಲಾಗದವರಿಗೆ ಒಂದು ಒಳದಾರಿ ಇದೆ. ಇಲ್ಲೇ ಮನೆಯಿಂದ ಓಡಾಡಿ ಬಿ.ಎ. ಮುಗಿಸಬಹುದು. ನ್ಯಾಷನಲ್ ಲಾ ಸ್ಕೂಲು 2022ರಿಂದ ಪದವೀಧರರಿಗೂ ಮೂರು ವರ್ಷದ ಎಲ್‌ಎಲ್‌ಬಿ ನಡೆಸುತ್ತಿದೆ, ಅದಕ್ಕೆ ಕ್ಲಾಟ್ ಅಲ್ಲ, ಎನ್‌ಎಲ್‌ಸ್ಯಾಟ್ ಬರೆಯಬೇಕು. ಅದು ಕೈಕೊಟ್ಟರೆ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಲ್ಲೂ ಮೂರು ವರ್ಷದ ಕೋರ್ಸ್ ಇದೆ.