ಗಂಡ ಬೆಂಗಳೂರಿನಲ್ಲಿ, ಹೆಂಡತಿ ಕ್ಯಾಂಪಿನಲ್ಲಿ: ಪೌರತ್ವದ ಅರ್ಜಿಗೆ ಯಾವುದು ಲೆಕ್ಕ?

ಸಿಂಧನೂರು ತಾಲ್ಲೂಕಿನ ಊರುಗಳ ಪಟ್ಟಿ ತೆರೆದರೆ ‘ಕ್ಯಾಂಪ್’ ಎಂಬ ಪದ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಆಂಧ್ರದಿಂದ ಬಂದ ರೈತರು ನೆಲೆ ನಿಂತ ಕ್ಯಾಂಪುಗಳು ಹಲವು. ಅವುಗಳ ನಡುವೆ ಆರ್.ಎಚ್. ಕ್ಯಾಂಪುಗಳ ಕಥೆಯೇ ಬೇರೆ. ಆರ್.ಎಚ್. ಎಂದರೆ ರಿಹ್ಯಾಬಿಲಿಟೇಷನ್, ಪುನರ್ವಸತಿ. 1971ರಲ್ಲಿ ಬಾಂಗ್ಲಾದೇಶವೆಂದು ಹೆಸರಾದ ಪೂರ್ವ ಪಾಕಿಸ್ತಾನವನ್ನು ಬಿಟ್ಟು ಬಂದ ನೂರಾರು ಬಂಗಾಳಿ ಹಿಂದೂ ಕುಟುಂಬಗಳಿಗೆ ಕೇಂದ್ರ ಸರ್ಕಾರ ಇಲ್ಲಿ ಜಮೀನು ಕೊಟ್ಟು ನೆಲೆ ಕಲ್ಪಿಸಿತು. ಅವರ ಮೊಮ್ಮಕ್ಕಳು ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ ಮಾತನಾಡುತ್ತಾರೆ.

ಜಮೀನು ಸಿಕ್ಕಿತು, ಪಡಿತರ ಚೀಟಿಯೂ ಬಂತು. ಆದರೆ ಅನೇಕರಿಗೆ ಪೌರತ್ವದ ಪತ್ರ ಮಾತ್ರ ಬರಲಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ 2024ರ ಮಾರ್ಚ್ 11ರಂದು ನಿಯಮಗಳು ಪ್ರಕಟವಾದವು. ಅದೇ ವರ್ಷ ಆಗಸ್ಟ್‌ನಲ್ಲಿ ಸಿಂಧನೂರಿನ ಕ್ಯಾಂಪುಗಳ ಐವರಿಗೆ ಈ ಕಾಯ್ದೆಯಡಿ ಪೌರತ್ವ ದೊರೆತ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆಮೇಲೆ ಹಲವು ಮನೆಗಳಲ್ಲಿ ಹಳೆಯ ಟ್ರಂಕುಗಳು ತೆರೆದುಕೊಂಡದ್ದು ಸಹಜವೇ. ಆಗ ಎದುರಾಗುವ ಒಂದು ಪ್ರಶ್ನೆ: ದುಡಿಮೆಗಾಗಿ ಗಂಡ ಒಂದೂರು, ಹೆಂಡತಿ ಒಂದೂರು ಆಗಿದ್ದರೆ ಅರ್ಜಿಗೆ ತೊಡಕಾದೀತೆ?

ಗುಳೆಯ ಸೀಮೆ

ಲಿಂಗಸುಗೂರು, ಮಸ್ಕಿ ಭಾಗದ ಒಣಬೇಸಾಯದ ಹಳ್ಳಿಗಳಿಗೆ ಗುಳೆ ಹೊಸತಲ್ಲ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಸ್ಸು ಹತ್ತುತ್ತಾರೆ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ನೀರಾವರಿಯಿರುವ ಸಿಂಧನೂರಿನಲ್ಲೂ ಅಪ್ಪನಿಗೆ ಸಿಕ್ಕ ಜಮೀನು ಮಕ್ಕಳ ಕಾಲಕ್ಕೆ ಹರಿದು ಹಂಚಿಹೋದಾಗ ಒಬ್ಬಿಬ್ಬರು ಹೊರಗೆ ದುಡಿಯಲೇಬೇಕು. ಮಿಕ್ಕವರಿಗೆ ಇದು ಬರೀ ಬಸ್ ಚಾರ್ಜಿನ ಮಾತು. ಪೌರತ್ವ ಕೇಳುವವರಿಗೆ ಮಾತ್ರ ‘ಎಲ್ಲಿದ್ದೀರಿ, ಎಷ್ಟು ದಿನದಿಂದ ಇದ್ದೀರಿ’ ಎಂಬುದಕ್ಕೆ ಕಾಗದದ ಉತ್ತರ ಬೇಕು.

ಕಾಯ್ದೆ ಏನು ಕೇಳುತ್ತದೆ?

ಭಾರತೀಯ ಪ್ರಜೆಯನ್ನು ಮದುವೆಯಾದ ವಿದೇಶಿಯರು ಪೌರತ್ವಕ್ಕೆ ನೋಂದಾಯಿಸಿಕೊಳ್ಳಲು 1955ರ ಪೌರತ್ವ ಕಾಯ್ದೆಯ 5ನೇ ಕಲಮು ಅವಕಾಶ ಕೊಡುತ್ತದೆ. ಅರ್ಜಿದಾರರು ಏಳು ವರ್ಷ ಭಾರತದಲ್ಲಿ ವಾಸವಿರಬೇಕು. ಲೆಕ್ಕ ಹೀಗಿದೆ: ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಬಿಡದೆ ದೇಶದಲ್ಲಿರಬೇಕು, ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ಆರು ವರ್ಷವಾದರೂ ಇಲ್ಲಿ ಕಳೆದಿರಬೇಕು.

ಗಮನಿಸಬೇಕಾದ ಅಂಶವೆಂದರೆ, ದಂಪತಿಗಳು ಒಂದೇ ಸೂರಿನಡಿ ಇರಬೇಕೆಂಬ ಷರತ್ತು ಈ ಕಲಮಿನಲ್ಲಿಲ್ಲ. ಎಣಿಕೆಯಾಗುವುದು ಅರ್ಜಿದಾರರು ದೇಶದೊಳಗಿದ್ದ ದಿನಗಳು. ಮದುವೆಯಾಗಿ ವೀಸಾ ಮೇಲೆ ಬಂದ ಸೊಸೆ ಸಿಂಧನೂರಿನಲ್ಲಿ ಭತ್ತದ ನಾಟಿಗೆ ಹೋಗುತ್ತಿದ್ದು, ಗಂಡ ಬೆಂಗಳೂರಿನಲ್ಲೋ ಹಟ್ಟಿಯಲ್ಲೋ ದುಡಿಯುತ್ತಿದ್ದಾನೆ ಎನ್ನೋಣ. ಆಕೆಯ ವರ್ಷಗಳಿಗೆ ಕೊರತೆಯಿಲ್ಲ. ಆದರೆ ಕಡೆಯ ಆ ಹನ್ನೆರಡು ತಿಂಗಳಲ್ಲಿ ಆಕೆ ಬಾಂಗ್ಲಾದೇಶದ ತವರಿಗೆ ಹೋಗಿ ಎರಡು ತಿಂಗಳು ಉಳಿದರೆ ಲೆಕ್ಕ ಕೆಡುತ್ತದೆ. 2015ರ ತಿದ್ದುಪಡಿಯ ಪ್ರಕಾರ, ವಿಶೇಷ ಕಾರಣವಿದ್ದರೆ ಸರ್ಕಾರ ಮನ್ನಿಸಬಹುದಾದದ್ದು ಹೆಚ್ಚೆಂದರೆ ಮೂವತ್ತು ದಿನ. ಗಂಡ ಬೆಂಗಳೂರಿಗೆ ಹೋದದ್ದಲ್ಲ, ತಾನು ಗಡಿ ದಾಟಿದ್ದು ತೊಡಕು!

ಎಲ್ಲ ದೇಶಗಳ ಕಾನೂನೂ ಹೀಗಿಲ್ಲ. ನಮ್ಮ ಎಷ್ಟೋ ಎಂಜಿನಿಯರುಗಳು ನೆಲೆಸಿರುವ ಅಮೆರಿಕದಲ್ಲಿ ಸಾಮಾನ್ಯ ಅರ್ಜಿದಾರರಿಗೆ ಐದು ವರ್ಷದ ವಾಸ ಬೇಕು. ಅಮೆರಿಕನ್ ಪ್ರಜೆಯ ಪತಿ ಅಥವಾ ಪತ್ನಿಗೆ ಮೂರೇ ವರ್ಷ ಸಾಕು. ಆದರೆ ಆ ರಿಯಾಯಿತಿ ಬೇಕಿದ್ದರೆ ಇಬ್ಬರೂ ಕೂಡಿ ಬಾಳುತ್ತಿರಬೇಕು. ಅಲ್ಲಿ ಸೂರಿನ ಪ್ರಶ್ನೆ ಕೇಳುತ್ತಾರೆ. ಇಲ್ಲಿ ನೆಲದ ಪ್ರಶ್ನೆ.

ಕ್ಯಾಂಪಿನವರ ದಾರಿ

ವೀಸಾ, ಪಾಸ್‌ಪೋರ್ಟ್ ಇಲ್ಲದೆ ಬಂದವರಿಗೆ ಮೊದಲು ಈ ಬಾಗಿಲು ಮುಚ್ಚಿತ್ತು. 2019ರ ತಿದ್ದುಪಡಿ ಅದನ್ನು ಕೆಲವರಿಗೆ ತೆರೆಯಿತು. ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಇದು ಅನ್ವಯ. ಮುಸ್ಲಿಮರನ್ನು ಹೊರಗಿಟ್ಟದ್ದು ಸರಿಯಲ್ಲವೆಂದು ದೇಶದಾದ್ಯಂತ ವಿರೋಧ ಎದ್ದಿತು, ಸುಪ್ರೀಂ ಕೋರ್ಟಿಗೂ ಅರ್ಜಿಗಳು ಹೋದವು. ಕಾಯ್ದೆಯ ವ್ಯಾಪ್ತಿಗೆ ಬರುವವರಿಗೆ ದೇಶೀಕರಣದ ವಾಸದ ಅವಧಿ ಹನ್ನೊಂದರಿಂದ ಐದು ವರ್ಷಕ್ಕೆ ಇಳಿದಿದೆ. ಭಾರತೀಯ ಪ್ರಜೆಯನ್ನು ಮದುವೆಯಾದವರಿಗೆ ಪ್ರತ್ಯೇಕ ನಮೂನೆಯೇ ಇದೆ.

ಅರ್ಜಿ ಕಂಪ್ಯೂಟರಿನಲ್ಲಿ ಸಲ್ಲುತ್ತದೆ. ದಾಖಲೆ ಪರಿಶೀಲಿಸುವುದು ಅಂಚೆ ಅಧೀಕ್ಷಕರ ನೇತೃತ್ವದ ಜಿಲ್ಲಾ ಸಮಿತಿ. ನಿರ್ಧಾರ ಜನಗಣತಿ ನಿರ್ದೇಶಕರ ನೇತೃತ್ವದ ರಾಜ್ಯ ಮಟ್ಟದ ಸಮಿತಿಯದು. ಬೇರೂರಿನಲ್ಲಿ ದುಡಿಯುವವರು ಎಚ್ಚರ ವಹಿಸಬೇಕಾದ ಘಟ್ಟ ಇಲ್ಲಿದೆ. ಅರ್ಜಿದಾರರು ಜಿಲ್ಲಾ ಸಮಿತಿಯ ಮುಂದೆ ಖುದ್ದಾಗಿ ಹಾಜರಾಗಿ ನಿಷ್ಠೆಯ ಪ್ರಮಾಣ ಮಾಡಬೇಕು. ಅವಕಾಶ ಕೊಟ್ಟರೂ ಬಾರದಿದ್ದರೆ, ಅರ್ಜಿ ತಿರಸ್ಕಾರದ ಪರಿಶೀಲನೆಗೆ ಮೇಲಿನ ಸಮಿತಿಗೆ ಹೋಗುತ್ತದೆ. ಕರೆ ಬಂದದ್ದು ಕ್ಯಾಂಪಿನ ವಿಳಾಸಕ್ಕೆ, ಅರ್ಜಿದಾರ ಇದ್ದದ್ದು ಬೆಂಗಳೂರಿನ ಶೆಡ್ಡಿನಲ್ಲಿ ಎಂದಾದರೆ ವರ್ಷಗಳ ಕಾಯುವಿಕೆ ನೀರಿನಲ್ಲಿ ಹೋಮ ಮಾಡಿದಂತೆ. ಸದಾ ಕೈಯಲ್ಲಿರುವ ಮೊಬೈಲ್ ನಂಬರನ್ನೇ ಅರ್ಜಿಯಲ್ಲಿ ಬರೆಯಬೇಕು. ಊರಲ್ಲಿರುವವರು ಬಂದ ಪತ್ರವನ್ನು ಅಂದೇ ಓದಿ ತಿಳಿಸಬೇಕು.

ಬೇರೆ ಬೇರೆ ಊರಿನಲ್ಲಿರುವ ದಂಪತಿಗಳ ಮದುವೆ ಹೆಸರಿಗಷ್ಟೇ ಎಂಬ ಸಂಶಯ ವಿಚಾರಣೆಗೆ ಬಂದವರಿಗೆ ಬರಬಾರದಲ್ಲವೆ? ಅದಕ್ಕೆ ವಾದ ಬೇಡ, ಕಾಗದ ಸಾಕು. ಮದುವೆಯ ನೋಂದಣಿ ಪತ್ರ, ಇಬ್ಬರ ಹೆಸರಿರುವ ಪಡಿತರ ಚೀಟಿ, ತಂದೆತಾಯಿ ಇಬ್ಬರ ಹೆಸರೂ ಇರುವ ಮಕ್ಕಳ ಜನನ ಪತ್ರ, ಊರಿಗೆ ಹಣ ಕಳಿಸಿದ್ದು ಕಾಣುವ ಬ್ಯಾಂಕ್ ಪಾಸ್‌ಬುಕ್ಕು ಒಂದೇ ಸಂಸಾರವೆಂಬುದಕ್ಕೆ ಒಳ್ಳೆಯ ಆಧಾರಗಳು. ಆಧಾರ್ ಕಾರ್ಡು ಪೌರತ್ವದ ಪುರಾವೆಯಲ್ಲ ಎಂಬುದೂ ನೆನಪಿರಲಿ.

ಹೆಸರು ಒಂದೇ ಇರಲಿ

1915ರಲ್ಲಿ ಪತ್ತೆಯಾದ ಮಸ್ಕಿಯ ಬಂಡೆ ಶಾಸನವನ್ನು ವಿದ್ಯಾರ್ಥಿಗಳು ಪಾಠದಲ್ಲಿ ಓದಿದ್ದಾರೆ. ಬೇರೆಡೆಯ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಕಂಡಿದ್ದವು. ಮಸ್ಕಿಯ ಬಂಡೆಯಲ್ಲಿ ಆ ಬಿರುದಿನ ಜೊತೆಗೇ ಅಶೋಕ ಎಂಬ ಹೆಸರು ಸಿಕ್ಕಿತು. ಆ ದೊರೆ ಇವನೇ ಎಂಬುದು ಗಟ್ಟಿಯಾಯಿತು. ಚಕ್ರವರ್ತಿಯ ಗುರುತಿಗೇ ಎರಡು ಹೆಸರು ಒಂದೆಡೆ ಸೇರಬೇಕಾಯಿತು ಎಂದಮೇಲೆ ಸಾಮಾನ್ಯರ ಪಾಡೇನು! ಬಂಗಾಳಿ ಮನೆತನದ ಹೆಸರು ಕನ್ನಡದ ದಾಖಲೆಯಲ್ಲಿ ಒಂದು ಬಗೆ, ಇಂಗ್ಲಿಷಿನಲ್ಲಿ ಇನ್ನೊಂದು ಬಗೆ ಆಗುವುದುಂಟು. ವ್ಯತ್ಯಾಸವಿದ್ದರೆ ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳುವುದು ಜಾಣತನ.

ಮಕ್ಕಳಿಗೇನು ಸಂಬಂಧ?

ಭಾರತದಲ್ಲಿ ಹುಟ್ಟಿದವರ ಪೌರತ್ವ ಹುಟ್ಟಿದ ದಿನಾಂಕದ ಮೇಲೆ ನಿಂತಿದೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಹುಟ್ಟಿದ್ದರೆ ಹುಟ್ಟೇ ಸಾಕು. ಅಂದಿನಿಂದ 2004ರ ಡಿಸೆಂಬರ್ 3ಕ್ಕೆ ಮೊದಲು ಹುಟ್ಟಿದವರಿಗೆ ತಂದೆತಾಯಿಯಲ್ಲಿ ಒಬ್ಬರು ಪ್ರಜೆಯಾಗಿರಬೇಕು. ಅನಂತರ ಹುಟ್ಟಿದವರಿಗೆ ಇಬ್ಬರೂ ಪ್ರಜೆಗಳಾಗಿರಬೇಕು. ಇಲ್ಲವೇ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಈಗ ಹೈಸ್ಕೂಲಿನಲ್ಲಿ ಓದುತ್ತಿರುವವರೆಲ್ಲ ಈ ಮೂರನೆಯ ಗುಂಪಿನವರೇ. ಹಾಗಾಗಿ ಅಮ್ಮನ ಅರ್ಜಿ ಅಮ್ಮನೊಬ್ಬಳದಲ್ಲ, ಮನೆಯ ಮಕ್ಕಳಿಗೂ ಅದು ತಟ್ಟುತ್ತದೆ.

ಅಪ್ಪ ಹಬ್ಬಕ್ಕೆ ಊರಿಗೆ ಬಂದಾಗ ಮಕ್ಕಳೇ ಮುಂದಾಗಿ ಒಂದು ಕೆಲಸ ಮಾಡಬಹುದು. ಮನೆಯ ದಾಖಲೆಗಳನ್ನೆಲ್ಲ ಹರವಿ, ಒಂದೊಂದರಲ್ಲೂ ಹೆಸರು, ಜನ್ಮದಿನ, ವಿಳಾಸ ಹೇಗಿದೆಯೆಂದು ನೋಟ್‌ಬುಕ್ಕಿನಲ್ಲಿ ಕಲಮು ಹಾಕಿ ಬರೆಯಲಿ. ಎಲ್ಲಿ ತಾಳೆಯಾಗದೋ ಅಲ್ಲಿ ಕೆಂಪು ಗೆರೆ ಎಳೆಯಲಿ. ಆ ಪುಟ ಹಿಡಿದು ವಕೀಲರನ್ನೋ ತಹಸೀಲ್ದಾರ್ ಕಚೇರಿಯನ್ನೋ ಕಂಡರೆ ಅರ್ಧ ಕೆಲಸ ಮುಗಿದಂತೆಯೇ.