ಮೊದಲ ಪ್ರೈಮ್ ಲೆನ್ಸ್: ಐವತ್ತೋ, ಮೂವತ್ತೈದೋ?

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಡಿಗ್ರಿ ಮುಗಿಸಿ ಕೆಎಎಸ್ಸೋ ಪಿಡಿಒ ಹುದ್ದೆಯೋ ಎಂದು ಅಧಿಸೂಚನೆಗೆ ಕಾಯುತ್ತಾ, ಲಗ್ನದ ತಿಂಗಳುಗಳಲ್ಲಿ ಸ್ಟುಡಿಯೊದವರ ಜೊತೆ ಕ್ಯಾಮೆರಾ ಹಿಡಿದು ಹೋಗಿ ನಾಲ್ಕು ಕಾಸು ಸಂಪಾದಿಸುವ ಹುಡುಗ ಹುಡುಗಿಯರು ಕಡಿಮೆಯೇನಿಲ್ಲ. ಕೈಯಲ್ಲಿ ಇರುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಅದರ ಜೊತೆಗೇ ಬಂದ 18–55 ಎಂಎಂ ಜೂಮ್ ಲೆನ್ಸ್. ಹಗಲು ಹೊತ್ತು ಬಯಲಲ್ಲಿ ಈ ಲೆನ್ಸ್‌ಗೆ ಯಾವ ಕೊರತೆಯೂ ಇಲ್ಲ. ಸಂಜೆಯಾದ ಮೇಲೆ ಚಪ್ಪರದೊಳಗೆ, ಒಂದೇ ಬಲ್ಬು ಉರಿಯುವ ನಡುಮನೆಯಲ್ಲಿ, ಅರಿಶಿನ ಹಚ್ಚುವ ಕೈಗಳು ಮಸುಕಾಗಿ ಬರತೊಡಗುತ್ತವೆ. ಆಗ ಅನುಭವಸ್ಥರ ಬಾಯಿಂದ ಬರುವ ಸಲಹೆ ಒಂದೇ: 'ಒಂದು ಫಿಫ್ಟಿ ತಗೊಳ್ಳಪ್ಪ, ಎಲ್ಲಾ ಸರಿಹೋಗುತ್ತೆ.'

ಈ ಸಲಹೆ ಅರ್ಧ ಸರಿ. ಉಳಿದರ್ಧ ನಿಮ್ಮ ಕ್ಯಾಮೆರಾ ಯಾವುದು, ನೀವು ನಿಂತು ಫೋಟೊ ತೆಗೆಯುವ ಕೋಣೆ ಎಷ್ಟು ದೊಡ್ಡದು ಎಂಬುದರ ಮೇಲೆ ನಿಂತಿದೆ. ಒಂದು ಲೆನ್ಸ್‌ನ ಬೆಲೆ ನಮ್ಮಲ್ಲಿ ಹಲವರಿಗೆ ವರ್ಷದ ಕಾಲೇಜು ಖರ್ಚಿನ ದೊಡ್ಡ ಪಾಲು. ಒಮ್ಮೆ ಕೊಂಡರೆ ಎರಡನೆಯದು ಕೊಳ್ಳಲು ವರ್ಷಗಳೇ ಬೇಕಾದೀತು. ಆದ್ದರಿಂದ ಲೆಕ್ಕ ಹಾಕಿಯೇ ಕೊಳ್ಳೋಣ.

ಬೆಳಕಿನ ಲೆಕ್ಕ

ಪ್ರೈಮ್ ಎಂದರೆ ಜೂಮ್ ಇಲ್ಲದ, ಒಂದೇ ಫೋಕಲ್ ಲೆಂತ್ ಇರುವ ಲೆನ್ಸ್. ಅದರ ಮೇಲೆ ಬರೆದಿರುವ ಎಫ್ 1.8, ಎಫ್ 1.4 ಎಂಬ ಸಂಖ್ಯೆ ಅಪರ್ಚರ್ ಎಷ್ಟು ದೊಡ್ಡದಾಗಿ ತೆರೆಯುತ್ತದೆ ಎಂದು ಹೇಳುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಒಳಬರುವ ಬೆಳಕು ಹೆಚ್ಚು. ಬೆಳಕು ಹೆಚ್ಚಾದರೆ ಶಟರ್ ಬೇಗ ಮುಚ್ಚಬಹುದು. ಅದಕ್ಕೇ ಇಂಥ ಲೆನ್ಸ್‌ಗೆ 'ಫಾಸ್ಟ್' ಎಂಬ ಹೆಸರು.

18–55 ಲೆನ್ಸನ್ನು 55ಕ್ಕೆ ತಿರುಗಿಸಿದರೆ ಸಾಮಾನ್ಯವಾಗಿ ಎಫ್ 5.6ಕ್ಕಿಂತ ದೊಡ್ಡದಾಗಿ ತೆರೆಯುವುದಿಲ್ಲ. 5.6ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಉತ್ತರ ಸುಮಾರು 9.7. ಅಂದರೆ ಎಫ್ 1.8 ಲೆನ್ಸ್ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ತರುತ್ತದೆ. ಒಂದು ಬಲ್ಬಿನ ಕೋಣೆಯಲ್ಲಿ ಐಎಸ್‌ಒ 1600 ಇಟ್ಟರೆ ಜೂಮ್ ಲೆನ್ಸ್‌ಗೆ ಸೆಕೆಂಡಿನ 15ನೇ ಒಂದು ಭಾಗದಷ್ಟು ಹೊತ್ತು ಬೇಕಾಗುತ್ತದೆ ಎಂದುಕೊಳ್ಳಿ. ಅಷ್ಟು ಹೊತ್ತಿನಲ್ಲಿ ಕೈಯೂ ಅಲುಗುತ್ತದೆ, ಮದುಮಗಳ ಮುಖವೂ ಅಲುಗುತ್ತದೆ. ಅದೇ ಕೋಣೆಯಲ್ಲಿ, ಅದೇ ಐಎಸ್‌ಒದಲ್ಲಿ ಎಫ್ 1.8 ಲೆನ್ಸ್‌ಗೆ ಸೆಕೆಂಡಿನ 150ನೇ ಒಂದು ಭಾಗ ಸಾಕು. ಫ್ಲ್ಯಾಶ್ ಇಲ್ಲದೆಯೇ ನಗು ನಗುವಾಗಿಯೇ ಬರುತ್ತದೆ.

'ನನ್ನ ಜೂಮ್‌ನಲ್ಲಿ ಸ್ಟೆಬಿಲೈಸರ್ ಇದೆಯಲ್ಲ' ಎನ್ನಬಹುದು. ಅದು ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಎದುರಿಗಿರುವವರ ಚಲನೆಯನ್ನಲ್ಲ. 'ಮೊಬೈಲ್‌ನಲ್ಲೂ ಎಫ್ 1.8 ಇದೆ' ಎಂಬುದೂ ನಿಜ. ಆದರೆ ಅದರ ಸೆನ್ಸರ್ ಬೆರಳಿನ ಉಗುರಿಗಿಂತ ಚಿಕ್ಕದು. ಸೆನ್ಸರ್ ದೊಡ್ಡದಾದರೆ ಅದೇ ಎಫ್ ಸಂಖ್ಯೆಯಲ್ಲಿ ಒಟ್ಟು ಸೇರುವ ಬೆಳಕು ಎಷ್ಟೋ ಹೆಚ್ಚು.

ಐವತ್ತು ಎಲ್ಲಿಂದ ಬಂತು?

1925ರಲ್ಲಿ ಜರ್ಮನಿಯ ಲೈಟ್ಸ್ ಕಂಪನಿ 35 ಎಂಎಂ ಫಿಲ್ಮ್ ಬಳಸುವ ಪುಟ್ಟ ಲೈಕಾ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿದ್ದದ್ದು 50 ಎಂಎಂ ಲೆನ್ಸ್. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ ಬ್ರೆಸನ್ ಜೀವಮಾನದ ಬಹುಪಾಲು ಕೆಲಸ ಮಾಡಿದ್ದು ಲೈಕಾ ಮತ್ತು 50 ಎಂಎಂ ಲೆನ್ಸ್‌ನಲ್ಲೇ. ಹೀಗೆ ಐವತ್ತು ಎಂದರೆ 'ಸ್ಟ್ಯಾಂಡರ್ಡ್' ಎಂಬ ಮಾತು ನೆಲೆಯಾಯಿತು. ಆದರೆ ಅದು ಫಿಲ್ಮಿನ ಚೌಕಟ್ಟಿಗೆ, ಅಂದರೆ ಇಂದಿನ ಫುಲ್ ಫ್ರೇಮ್ ಸೆನ್ಸರ್‌ಗೆ ಹೊಂದುವ ಅಳತೆ. ಸೆನ್ಸರ್‌ನ ಮೂಲೆಯಿಂದ ಮೂಲೆಗಿರುವ ಉದ್ದಕ್ಕೆ ಹತ್ತಿರದ ಫೋಕಲ್ ಲೆಂತ್‌ಗೆ ಸ್ಟ್ಯಾಂಡರ್ಡ್ ಎನ್ನುವುದು ವಾಡಿಕೆ. ಫುಲ್ ಫ್ರೇಮ್‌ನಲ್ಲಿ ಆ ಉದ್ದ ಸುಮಾರು 43 ಎಂಎಂ.

ವಿದ್ಯಾರ್ಥಿಗಳ ಕೈಗೆಟಕುವ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವುದು ಎಪಿಎಸ್–ಸಿ ಎಂಬ ಚಿಕ್ಕ ಸೆನ್ಸರ್. ಅದರ ಮೂಲೆಯಿಂದ ಮೂಲೆಗೆ ಸುಮಾರು 28 ಎಂಎಂ ಮಾತ್ರ. ಇದರ ಮುಂದೆ 50 ಹಾಕಿದರೆ ನಿಕಾನ್, ಸೋನಿಯಲ್ಲಿ 75 ಎಂಎಂನಂತೆ, ಕ್ಯಾನನ್‌ನಲ್ಲಿ 80 ಎಂಎಂನಂತೆ ಕಾಣುತ್ತದೆ. ಅದು ಸ್ಟ್ಯಾಂಡರ್ಡ್ ಅಲ್ಲ, ಮುಖಚಿತ್ರದ ಲೆನ್ಸ್. ಚಿಕ್ಕ ಸೆನ್ಸರ್‌ನಲ್ಲಿ ಹಳೆಯ ಐವತ್ತರ ಕೆಲಸ ಮಾಡುವುದು 35 ಎಂಎಂ.

ಒಂಬತ್ತು ಅಡಿಯ ಪರೀಕ್ಷೆ

ಇದನ್ನು ನಮ್ಮ ಮನೆಗಳಿಗೆ ಹೊಂದಿಸಿ ನೋಡೋಣ. ಹತ್ತು ಅಡಿಯ ಕೋಣೆಯಲ್ಲಿ ಬೆನ್ನನ್ನು ಗೋಡೆಗೆ ಆನಿಸಿ ನಿಂತರೆ ಎದುರಿನವರಿಗೂ ನಿಮಗೂ ಹೆಚ್ಚೆಂದರೆ ಒಂಬತ್ತು ಅಡಿ. ಎಪಿಎಸ್–ಸಿ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು 50ರಲ್ಲಿ ನೋಡಿದರೆ ಚೌಕಟ್ಟಿನೊಳಗೆ ಬರುವುದು ಸುಮಾರು ನಾಲ್ಕು ಕಾಲು ಅಡಿ. ನಿಂತಿರುವ ಅಜ್ಜಿಯ ಸೀರೆಯ ಅಂಚು, ಕಾಲು ಎರಡೂ ಹೊರಗೆ. 35ರಲ್ಲಿ ಆರು ಅಡಿ ಬರುತ್ತದೆ. ಅಜ್ಜಿ ಪೂರ್ತಿ ಬರುತ್ತಾರೆ. ಫುಲ್ ಫ್ರೇಮ್‌ನಲ್ಲಿ 50 ಹಾಕಿದರೆ ಆರೂವರೆ ಅಡಿ. ವಿಡಿಯೊಗಳಲ್ಲಿ ಐವತ್ತನ್ನು ಹೊಗಳುವವರು ಹಲವು ಬಾರಿ ಮಾತನಾಡುವುದು ಈ ದೊಡ್ಡ ಸೆನ್ಸರ್ ಇಟ್ಟುಕೊಂಡು. ಅದೇ ಮಾತು ನಮ್ಮ ಕ್ಯಾಮೆರಾಗೆ ಬಂದಾಗ ಅಜ್ಜಿಯ ಕಾಲು ಕತ್ತರಿಸುತ್ತದೆ.

ಕೊಳ್ಳೇಗಾಲ ರೇಷ್ಮೆ ಸೀರೆಗೆ ಹೆಸರಾದ ಊರು. ಮನೆಯೊಳಗಿನ ಮಗ್ಗದ ಮುಂದೆ ಕೂತವರನ್ನು 50ರಲ್ಲಿ ತೆಗೆದರೆ ಮುಖ ಮತ್ತು ಬೆರಳು ಸೊಗಸಾಗಿ ಬರುತ್ತವೆ. ಅವರು ಯಾವ ಮಗ್ಗದಲ್ಲಿ, ಎಷ್ಟು ಇಕ್ಕಟ್ಟಿನಲ್ಲಿ ಕೂತಿದ್ದಾರೆ ಎಂಬುದೂ ಒಟ್ಟಿಗೆ ಕಾಣಬೇಕೆಂದರೆ 35 ಬೇಕು. ಪತ್ರಿಕೋದ್ಯಮ ಓದುವವರು, ಕೆಲಸಕ್ಕೆ ಅರ್ಜಿ ಹಾಕುವಾಗ ಫೋಟೊ ತೋರಿಸಬೇಕಾದವರು ಈ ವ್ಯತ್ಯಾಸವನ್ನು ಗಮನಿಸಬೇಕು. ಮುಖ ಮಾತ್ರ ಇರುವ ಹತ್ತು ಚಿತ್ರಗಳಿಗಿಂತ, ಮುಖ ಮತ್ತು ಜಾಗ ಎರಡೂ ಇರುವ ನಾಲ್ಕು ಚಿತ್ರ ಹೆಚ್ಚು ಹೇಳುತ್ತವೆ.

ಎಲ್ಲಿ ಯಾವುದು ಒಗ್ಗುತ್ತದೆ?

ಚಿಕ್ಕಲ್ಲೂರು ಜಾತ್ರೆಯ ಚಂದ್ರಮಂಡಲದ ರಾತ್ರಿಯನ್ನು ನೆನೆಯಿರಿ. ಬೆಂಕಿಯ ಬೆಳಕು, ಸುತ್ತ ಕತ್ತಲು, ಮುಂದೆ ಜನಸಾಗರ. ಹಿಂದೆ ಸರಿಯಲು ಜಾಗ ಇರುವುದಿಲ್ಲ. ಪಕ್ಕದವರ ಮುಖದ ಮೇಲೆ ಬಿದ್ದ ಕೆಂಪು ಬೆಳಕು, ತಂಬೂರಿ ಹಿಡಿದ ನೀಲಗಾರರು ಸಿಗುವುದು ಕೈಯಳತೆಯ ದೂರದಲ್ಲಿ. ಅಲ್ಲಿ 35 ಸಲೀಸು. ಮಲೆ ಮಹದೇಶ್ವರ ಬೆಟ್ಟದಲ್ಲಿ ಬೀಸು ಕಂಸಾಳೆಯವರ ಕೈ ಗಾಳಿಯಲ್ಲೇ ನಿಂತಂತೆ ಬರಬೇಕಾದರೆ ಸೆಕೆಂಡಿನ 500ನೇ ಒಂದು ಭಾಗದಷ್ಟು ಶಟರ್ ವೇಗ ಬೇಕು. ಸಂಜೆ ಅಷ್ಟು ವೇಗ ಸಿಗುವುದು ಫಾಸ್ಟ್ ಲೆನ್ಸ್‌ನಿಂದಲೇ. ನೀವು ವೇದಿಕೆಯ ಕೆಳಗೆ ದೂರದಲ್ಲಿದ್ದರೆ 50 ಮೇಲು. ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಳೆಮಂಟಪದ ಕಲ್ಲಿನ ಬಳೆಗಳನ್ನು ಹತ್ತಿರದಿಂದ ತೆಗೆಯಲು ಎರಡೂ ನಡೆಯುತ್ತವೆ. ಕಲ್ಲು ಅಲುಗುವುದಿಲ್ಲವಾದ್ದರಿಂದ ಟ್ರೈಪಾಡ್ ಇದ್ದರೆ ಹಳೆಯ ಜೂಮ್ ಕೂಡ ಸಾಕು. ದೇವಸ್ಥಾನದ ಒಳಗೆ ಎಲ್ಲಿಯೇ ಆದರೂ ಕೇಳಿಯೇ ಕ್ಯಾಮೆರಾ ತೆಗೆಯಿರಿ.

ಬಿಳಿಗಿರಿರಂಗನ ಬೆಟ್ಟದ ಸಫಾರಿಗೆ ಮಾತ್ರ ಈ ಲೆನ್ಸ್ ನಂಬಿ ಹೋಗಬೇಡಿ. 50 ಅಡಿ ದೂರದಲ್ಲಿ 50 ಎಂಎಂ ಲೆನ್ಸ್ ಸುಮಾರು ಇಪ್ಪತ್ತಮೂರೂವರೆ ಅಡಿ ಅಗಲದ ಕಾಡನ್ನು ಹಿಡಿಯುತ್ತದೆ. ಅದರಲ್ಲಿ ಒಂದು ಜಿಂಕೆ ಎಷ್ಟು ಪುಟ್ಟದಾಗಿ ಕಾಣಬಹುದು ಎಂದು ನೀವೇ ಊಹಿಸಿ.

1.8 ಸಾಕೇ, 1.4 ಬೇಕೇ?

ಎಫ್ 1.4 ಲೆನ್ಸ್ ತರುವುದು 1.8ಕ್ಕಿಂತ ಒಂದೂವರೆ ಪಟ್ಟಿನ ಮೇಲೆ ಸ್ವಲ್ಪ ಹೆಚ್ಚು ಬೆಳಕು. ಆದರೆ ಬೆಲೆ ಎಷ್ಟೋ ಪಟ್ಟು ಹೆಚ್ಚಾಗಿರುತ್ತದೆ. ಐಎಸ್‌ಒ 1600ನ್ನು 2500ಕ್ಕೆ ಏರಿಸಿದರೆ ಆ ವ್ಯತ್ಯಾಸ ತುಂಬಿಹೋಗುತ್ತದೆ. ಅದಕ್ಕಾಗಿ ಇಎಂಐ ಹೊರುವ ಅಗತ್ಯ ಕಾಣುವುದಿಲ್ಲ.

ಅಪರ್ಚರ್ ದೊಡ್ಡದಾದಷ್ಟೂ ಸ್ಪಷ್ಟವಾಗಿ ಬರುವ ಆಳ ತೆಳುವಾಗುತ್ತದೆ ಎಂಬುದನ್ನೂ ಮರೆಯಬಾರದು. ಚಿಕ್ಕ ಸೆನ್ಸರ್, 50 ಎಂಎಂ, ಎಫ್ 1.8, ಒಂದೂವರೆ ಮೀಟರ್ ದೂರ ಎಂದಿಟ್ಟುಕೊಂಡರೆ ಸ್ಪಷ್ಟ ಭಾಗ ಸುಮಾರು ಆರು ಸೆಂಟಿಮೀಟರ್. ಕಣ್ಣು ಚೊಕ್ಕಟ, ಕಿವಿಯ ಓಲೆ ಮಸುಕು. 1975ರ 'ಬ್ಯಾರಿ ಲಿಂಡನ್' ಚಿತ್ರಕ್ಕೆ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಮೇಣದಬತ್ತಿಯ ಬೆಳಕಿನ ದೃಶ್ಯಗಳನ್ನು ಎಫ್ 0.7 ಲೆನ್ಸ್‌ನಲ್ಲಿ ತೆಗೆದಾಗ ನಟರು ಕೂತಲ್ಲಿಂದ ಹೆಚ್ಚು ಅಲುಗಾಡುವಂತಿರಲಿಲ್ಲ. ಹಾಗಾಗಿ ಮಂಟಪದ ಮೇಲೆ ಎರಡು ಸಾಲಿನಲ್ಲಿ ನಿಂತ ಇಪ್ಪತ್ತು ಬಂಧುಗಳ ಗುಂಪುಚಿತ್ರಕ್ಕೆ 1.8 ಇಡಬೇಡಿ. ಎಫ್ 5.6 ಮತ್ತು ಫ್ಲ್ಯಾಶ್ ಇಲ್ಲಿ ಇಂದಿಗೂ ಬೇಕು.

ಕೊಳ್ಳುವ ಮೊದಲು

ನಿಕಾನ್ ಡಿ3400, ಡಿ3500, ಡಿ5600ನಂಥ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗವಾಗಿ ಸಿಗುತ್ತದೆಂದು ಹಳೆಯ 50 ಎಂಎಂ ಎಫ್ 1.8ಡಿ ಲೆನ್ಸ್ ಕೊಂಡರೆ ಕೈಯಿಂದಲೇ ಫೋಕಸ್ ತಿರುಗಿಸಬೇಕು. ಹೆಸರಿನಲ್ಲಿ 'ಎಎಫ್–ಎಸ್' ಎಂದಿರುವುದನ್ನು ನೋಡಿ ಕೊಳ್ಳಿ. 2009ರಲ್ಲಿ ಬಂದ ನಿಕಾನ್ ಎಎಫ್–ಎಸ್ ಡಿಎಕ್ಸ್ 35 ಎಂಎಂ ಎಫ್ 1.8ಜಿ ಚಿಕ್ಕ ಸೆನ್ಸರ್‌ಗೆಂದೇ ಮಾಡಿದ್ದು, ತೂಕ 200 ಗ್ರಾಂ.

ಕ್ಯಾನನ್ ಡಿಎಸ್‌ಎಲ್‌ಆರ್ ಇರುವವರ ಆಯ್ಕೆ ಸ್ವಲ್ಪ ಕಷ್ಟ. 2015ರ 50 ಎಂಎಂ ಎಫ್ 1.8 ಎಸ್‌ಟಿಎಂ ಅಗ್ಗ, 160 ಗ್ರಾಂ ತೂಕ, 35 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತದೆ. ಆದರೆ ಕೋಣೆಯೊಳಗೆ ಇಕ್ಕಟ್ಟು. 24 ಎಂಎಂ ಎಫ್ 2.8 ಎಸ್‌ಟಿಎಂ ಕೋಣೆಗೆ ಒಗ್ಗುತ್ತದೆ, ಆದರೆ 1.8ರ ಅರ್ಧಕ್ಕಿಂತ ಕಡಿಮೆ ಬೆಳಕು. ಮುಖ, ವೇದಿಕೆ ಹೆಚ್ಚು ತೆಗೆಯುವವರು ಮೊದಲನೆಯದನ್ನು, ಮನೆಯೊಳಗಿನ ಬದುಕು ತೆಗೆಯುವವರು ಎರಡನೆಯದನ್ನು ಆರಿಸಬಹುದು. ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಮೌಂಟ್ ಯಾವುದೆಂದು ಮೊದಲು ತಿಳಿದುಕೊಳ್ಳಿ. ಡಿಎಸ್‌ಎಲ್‌ಆರ್ ಲೆನ್ಸ್ ಅದಕ್ಕೆ ಅಡಾಪ್ಟರ್ ಇಲ್ಲದೆ ಕೂರುವುದಿಲ್ಲ.

ಮೈಸೂರು, ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನಿಮ್ಮದೇ ಕ್ಯಾಮೆರಾ ಜೊತೆಗಿರಲಿ. ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ವಾಪಸ್ ಕೊಡಿ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಇರಬಾರದು. ಹತ್ತಿರಕ್ಕೂ ದೂರಕ್ಕೂ ಹತ್ತು ಬಾರಿ ಫೋಕಸ್ ಮಾಡಿಸಿ. ಬಿಲ್ ಕೇಳಿ ಪಡೆಯಿರಿ.

ಒಂದು ವಾರದ ಟೇಪು

ಇಷ್ಟೆಲ್ಲ ಓದಿಯೂ ಮನಸ್ಸು ತೂಗಾಡುತ್ತಿದ್ದರೆ ಖರ್ಚಿಲ್ಲದ ದಾರಿಯೊಂದಿದೆ. ನಿಮ್ಮ 18–55 ಜೂಮ್ ಅನ್ನು 35ಕ್ಕೆ ತಿರುಗಿಸಿ ಉಂಗುರಕ್ಕೆ ಟೇಪು ಸುತ್ತಿ. ಮೂರು ದಿನ ಅದರಲ್ಲೇ ತೆಗೆಯಿರಿ. ಇನ್ನು ಮೂರು ದಿನ 50ಕ್ಕೆ. ಏಳನೆಯ ದಿನ ಹಳೆಯ ಚಿತ್ರಗಳ ವಿವರವನ್ನು ಕಂಪ್ಯೂಟರಿನಲ್ಲಿ ತೆರೆದು, ನಿಮಗೆ ಇಷ್ಟವಾದ ಐವತ್ತು ಚಿತ್ರ ಯಾವ ಫೋಕಲ್ ಲೆಂತ್‌ನಲ್ಲಿವೆ ಎಂದು ಎಣಿಸಿ. ಉತ್ತರ ಅಲ್ಲೇ ಇರುತ್ತದೆ.

ಟೇಪು ಸುತ್ತಿದಾಗ ಇನ್ನೊಂದು ಬದಲಾವಣೆಯೂ ಆಗುತ್ತದೆ. ಜೂಮ್ ಇಲ್ಲದ್ದರಿಂದ ಕಾಲೇ ಜೂಮ್ ಆಗುತ್ತದೆ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ಕಪ್ಪುಬಿಳುಪಿನಲ್ಲಿ ಹಿಡಿದು ದೇಶಕ್ಕೇ ಹೆಸರಾದರು, 1977ರಲ್ಲಿ ಪದ್ಮಶ್ರೀ ಪಡೆದರು. ಅಂಥ ಚಿತ್ರ ದೂರದಲ್ಲಿ ಅಡಗಿ ನಿಂತವರಿಗೆ ಸಿಗುವುದು ಕಷ್ಟ. ಬೆಟ್ಟದ ಸೋಲಿಗರ ಪೋಡಿನಲ್ಲಾಗಲಿ, ಹನೂರಿನ ಸಂತೆಯಲ್ಲಾಗಲಿ, ಆರು ಅಡಿ ದೂರಕ್ಕೆ ಹೋಗಬೇಕೆಂದರೆ ಮೊದಲು ಮಾತನಾಡಿಸಬೇಕು, 'ಒಂದು ಫೋಟೊ ತೆಗೀಲಾ?' ಎಂದು ಕೇಳಬೇಕು, ಬೇಡ ಎಂದರೆ ಕ್ಯಾಮೆರಾ ಇಳಿಸಬೇಕು. ಅದಕ್ಕೆ ಯಾವ ಲೆನ್ಸೂ ಬೇಕಿಲ್ಲ, ಟೇಪು ಸುತ್ತಿದ ಹಳೆಯ ಜೂಮ್‌ನಲ್ಲೇ ಈ ವಾರ ಶುರು ಮಾಡಬಹುದು.